ಕ್ಯಾರಿಬ್ಯಾಗ್ ಬಿಟ್ಟ ಮೇಲೆ ಯಾವ ಚೀಲ?

ಬೆಳಗಾವಿಯ ಗಣಪತ್ ಗಲ್ಲಿ ಇರಲಿ, ವಿಜಯಪುರದ ಲಾಲ್ ಬಹಾದ್ದೂರ್ ಶಾಸ್ತ್ರಿ ಮಾರುಕಟ್ಟೆ ಇರಲಿ, ಅಂಗಡಿಯಲ್ಲಿ ಕೊಡುವ ಬಣ್ಣಬಣ್ಣದ ಮೆತ್ತನೆಯ ಚೀಲವನ್ನು ಬಹಳ ಜನ ‘ಬಟ್ಟೆ ಚೀಲ’ ಎಂದೇ ನಂಬಿ ಮನೆಗೆ ಒಯ್ಯುತ್ತಾರೆ. ಅದು ನಾನ್‌ವೋವನ್, ಅಂದರೆ ನೇಯದ ಚೀಲ. ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕನ್ನು ಕರಗಿಸಿ, ಸಣ್ಣ ತೂತುಗಳಿಂದ ಎಳೆ ಎಳೆಯಾಗಿ ಇಳಿಸಿ, ಹಾಸಿ, ಬಿಸಿ ರೋಲರಿನಡಿ ಒತ್ತಿ ತೆಗೆದ ಹಾಳೆ ಅದು. ಬೆಳಕಿಗೆ ಹಿಡಿದು ನೋಡಿ: ಸಾಲುಸಾಲಾಗಿ ಒತ್ತಿದ ಚುಕ್ಕೆಗಳು ಕಾಣುತ್ತವೆ. ಎಳೆಗಳು ಒಂದಕ್ಕೊಂದು ಹಿಡಿದುಕೊಂಡಿರುವುದು ಆ ಚುಕ್ಕೆಗಳಲ್ಲಿ. ಇಳಕಲ್, ಗುಳೇದಗುಡ್ಡ, ರಬಕವಿ-ಬನಹಟ್ಟಿಯ ಮಗ್ಗ ಕಂಡವರಿಗೆ ಹೆಚ್ಚು ವಿವರಿಸಬೇಕಿಲ್ಲ. ಅದರಲ್ಲಿ ಹಾಸೂ ಇಲ್ಲ, ಹೊಕ್ಕೂ ಇಲ್ಲ.

ಇನ್ನೂ ಅನುಮಾನವಿದ್ದರೆ ಅಂಚಿನಿಂದ ಉಗುರಿನಷ್ಟು ತುಂಡು ಕತ್ತರಿಸಿ, ಸ್ಟೀಲ್ ತಟ್ಟೆಯ ಮೇಲೆ ಚಿಮಟಿಗೆಯಲ್ಲಿ ಹಿಡಿದು ಕಡ್ಡಿ ಗೀರಿ. ಹತ್ತಿಯಾದರೆ ಕಾಗದದಂತೆ ಉರಿದು, ಸುಟ್ಟ ಕಾಗದದ ವಾಸನೆ ಬಿಟ್ಟು, ಬೆರಳಿಗೆ ಪುಡಿಯಾಗುವ ಬೂದಿ ಉಳಿಯುತ್ತದೆ. ನಾನ್‌ವೋವನ್ ಆದರೆ ಮೊದಲು ಮುದುಡುತ್ತದೆ, ಆಮೇಲೆ ಕರಗಿ ತೊಟ್ಟಿಕ್ಕುತ್ತದೆ, ಮೇಣದ ವಾಸನೆ ಬರುತ್ತದೆ, ಆರಿದ ಮೇಲೆ ಗಟ್ಟಿ ಮಣಿಯಾಗುತ್ತದೆ. ತೊಟ್ಟಿಕ್ಕಿದ ಹನಿ ಚರ್ಮ ಸುಡುತ್ತದೆ, ಮಕ್ಕಳ ಕೈಗೆ ಕೊಡಬೇಡಿ.

ಕಾನೂನಿನ ಮಾತು ಚಿಕ್ಕದು. ಕರ್ನಾಟಕ ಸರ್ಕಾರ 2016ರ ಮಾರ್ಚ್ 11ರ ಅಧಿಸೂಚನೆಯಲ್ಲಿ ಪ್ಲಾಸ್ಟಿಕ್ ಕ್ಯಾರಿಬ್ಯಾಗನ್ನು, ದಪ್ಪ ಎಷ್ಟೇ ಇರಲಿ, ನಿಷೇಧಿಸಿದೆ. ‘ಇದು 120 ಮೈಕ್ರಾನ್, ನಡೆಯುತ್ತದೆ’ ಎಂದು ಅಂಗಡಿಯಲ್ಲಿ ಹೇಳುವ ಮಾತು ಕೇಂದ್ರದ ನಿಯಮದಿಂದ ಬಂದದ್ದು. 2021ರ ತಿದ್ದುಪಡಿ ಕ್ಯಾರಿಬ್ಯಾಗಿನ ಕನಿಷ್ಠ ದಪ್ಪವನ್ನು ಮೊದಲು 75, ನಂತರ 2022ರ ಡಿಸೆಂಬರ್ 31ರಿಂದ 120 ಮೈಕ್ರಾನ್‌ಗೆ ಏರಿಸಿತು. ನಮ್ಮ ರಾಜ್ಯದಲ್ಲಿ ಆ ಸಮಜಾಯಿಷಿಗೆ ಅರ್ಥವಿಲ್ಲ. ಅದೇ ತಿದ್ದುಪಡಿ ನಾನ್‌ವೋವನ್ ಚೀಲ ಚದರ ಮೀಟರಿಗೆ 60 ಗ್ರಾಂಗಿಂತ ತೆಳುವಾಗಿರಬಾರದು ಎಂದಿದೆ. ಇದನ್ನು ಮನೆಯಲ್ಲೇ ಅಳೆಯಬಹುದು. ಹತ್ತು ಸೆಂ.ಮೀ. ಚೌಕದ ಹತ್ತು ತುಂಡು ಕತ್ತರಿಸಿ ಬಂಗಾರದ ತಕ್ಕಡಿಯಲ್ಲಿಟ್ಟರೆ 6 ಗ್ರಾಂ ತೂಗಬೇಕು. ಮೂರೋ ನಾಲ್ಕೋ ತೂಗಿದರೆ ಅದು ಬಟ್ಟೆಯ ವೇಷದ ಕ್ಯಾರಿಬ್ಯಾಗು. ನಾಲ್ಕಾರು ಸಲಕ್ಕೆ ಹಿಡಿ ಕಿತ್ತು, ಬಿಸಿಲಿಗೆ ಪುಡಿಪುಡಿಯಾಗಿ ಉದುರುತ್ತದೆ.

ಇನ್ನು ನಿಜವಾದ ಹತ್ತಿ ಚೀಲ. ಇದನ್ನು ಕಣ್ಣುಮುಚ್ಚಿ ಹೊಗಳುವವರು ಒಂದು ಲೆಕ್ಕ ನೋಡಬೇಕು. ಇಂಗ್ಲೆಂಡಿನ ಪರಿಸರ ಸಂಸ್ಥೆ 2011ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಒಮ್ಮೆ ಬಳಸಿ ಬಿಸಾಡುವ ತೆಳು ಕ್ಯಾರಿಬ್ಯಾಗಿನಷ್ಟೇ ಹವಾಮಾನದ ಹೊರೆಗೆ (ಭೂಮಿಯನ್ನು ಬಿಸಿಯೇರಿಸುವ ಅನಿಲಗಳ ಲೆಕ್ಕ) ಇಳಿಯಬೇಕಾದರೆ ಕಾಗದದ ಚೀಲವನ್ನು 3 ಸಲ, ನಾನ್‌ವೋವನ್ ಚೀಲವನ್ನು 11 ಸಲ, ಹತ್ತಿ ಚೀಲವನ್ನು 131 ಸಲ ಬಳಸಬೇಕು. ಕಾರಣ ಸರಳ. ಅವರು ತೂಗಿದ ಕ್ಯಾರಿಬ್ಯಾಗ್ ಸುಮಾರು 8 ಗ್ರಾಂ, ಹತ್ತಿ ಚೀಲ 183 ಗ್ರಾಂ. ಆ ಹತ್ತಿಯ ಹಿಂದೆ ನೀರು, ಗೊಬ್ಬರ, ಕೀಟನಾಶಕ, ನೂಲು ತೆಗೆಯುವ ಮತ್ತು ನೇಯುವ ಕರೆಂಟು, ಬಣ್ಣ ಎಲ್ಲವೂ ಇದೆ. ವಾರಕ್ಕೆ ಎರಡು ಸಲ ಪೇಟೆಗೆ ಹೋಗುವ ಮನೆಗೆ 131 ಸಲ ಎಂದರೆ ಹೆಚ್ಚುಕಡಿಮೆ ಹದಿನೈದು ತಿಂಗಳು. ಒಂದೇ ಚೀಲ ಅಷ್ಟು ದಿನ ಬಾಳಿದರೆ ಗೆದ್ದಂತೆ. ಮದುವೆಯಲ್ಲಿ ಕೊಟ್ಟದ್ದು, ಜವಳಿ ಅಂಗಡಿಯಲ್ಲಿ ಕೊಟ್ಟದ್ದು ಎಂದು ಕಪಾಟಿನಲ್ಲಿ ಇಪ್ಪತ್ತು ಹೊಸ ಹತ್ತಿ ಚೀಲ ಪೇರಿಸಿಟ್ಟರೆ ಕ್ಯಾರಿಬ್ಯಾಗಿಗಿಂತ ದೊಡ್ಡ ಹೊರೆ ಮನೆಯೊಳಗೇ ಕೂತಿದೆ.

ಆದರೆ ಈ ಲೆಕ್ಕವನ್ನು ಹಾಗೆಯೇ ತಂದು ಇಲ್ಲಿ ಹೇರುವುದೂ ತಪ್ಪು. ಇಂಥದ್ದೇ ಅಧ್ಯಯನವನ್ನು 2018ರಲ್ಲಿ ಪ್ರಕಟಿಸಿದ ಡೆನ್ಮಾರ್ಕಿನ ಪರಿಸರ ಇಲಾಖೆ, ತಮ್ಮಲ್ಲಿ ಚೀಲ ಬೀದಿಗೆ ಬೀಳುವುದು ನಗಣ್ಯ ಎಂದು ಅದನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ನಮ್ಮಲ್ಲಿ ಅದೇ ಮುಖ್ಯ ಬಾಬತ್ತು. ಕ್ಯಾರಿಬ್ಯಾಗಿನ ದೊಡ್ಡ ಹಾನಿ ಅದು ಹುಟ್ಟುವಲ್ಲಿಲ್ಲ, ಬೀಳುವಲ್ಲಿದೆ. ತೆಳು ಹಾಳೆ ಗಟಾರದ ಜಾಳಿಗೆಗೆ ಚಪ್ಪಟೆಯಾಗಿ ಅಂಟಿದರೆ ನೀರು ನಿಲ್ಲಲು ಹತ್ತಿಪ್ಪತ್ತು ಸಾಕು. ಮಳೆಗಾಲದಲ್ಲಿ ಬೆಳಗಾವಿಯ ಬಳ್ಳಾರಿ ನಾಲಾ ಉಕ್ಕಿ ಹೊಲಕ್ಕೆ ನುಗ್ಗಿದಾಗ ನೀರಿನ ಜೊತೆ ಈ ಹಾಳೆಗಳೂ ಹೊಲ ಸೇರುತ್ತವೆ. ಎರೆ ಮಣ್ಣಿನಲ್ಲಿ ಹೂತವು ಬೇರಿಗೂ ನೀರಿಗೂ ಅಡ್ಡ ನಿಲ್ಲುತ್ತವೆ.

ದನಗಳ ವಿಷಯ ಇನ್ನೂ ಘೋರ. ಕಾಯಿಪಲ್ಲೆಯ ಸಿಪ್ಪೆ, ಹಳಸಿದ ರೊಟ್ಟಿ, ಅನ್ನ ಎಲ್ಲವನ್ನೂ ಕ್ಯಾರಿಬ್ಯಾಗಿಗೆ ತುಂಬಿ, ಬಾಯಿಗೆ ಗಂಟು ಹಾಕಿ ಬೀದಿಗೆ ಎಸೆಯುತ್ತೇವೆ. ಆಕಳು ನಾಲಿಗೆಯಿಂದ ಸುತ್ತಿ ಎಳೆದುಕೊಂಡು ನುಂಗುವ ಪ್ರಾಣಿ, ಗಂಟು ಬಿಚ್ಚಿ ಆರಿಸಿ ತಿನ್ನಲಾರದು. ಒಳಗೆ ಹೋದ ಪ್ಲಾಸ್ಟಿಕ್ ಮೆಲುಕಿಗೆ ಬರುವುದಿಲ್ಲ, ಕರಗುವುದಿಲ್ಲ, ಮುಂದಕ್ಕೂ ಸರಿಯುವುದಿಲ್ಲ. ದೊಡ್ಡ ಹೊಟ್ಟೆಯಲ್ಲಿ ಹಗ್ಗದಂತೆ ಹೆಣೆದುಕೊಂಡು ಉಂಡೆಯಾಗುತ್ತದೆ. ಹೊಟ್ಟೆ ತುಂಬಿದಂತಿದ್ದರೂ ಪೋಷಣೆ ಇಲ್ಲ. ಹಾಲು ಇಳಿಯುತ್ತದೆ, ಹೊಟ್ಟೆ ಉಬ್ಬರಿಸುತ್ತದೆ. ಆಮೇಲೆ ಪಶುವೈದ್ಯರು ಎಡಪಕ್ಕೆ ಕೊಯ್ದು ಕೈಯಿಂದಲೇ ಹೊರಗೆ ತೆಗೆಯಬೇಕು. ಗಂಟು ಕಟ್ಟಿದ ಚೀಲ ಬೀದಿಗೆ ಹೋಗುವುದನ್ನು ನಿಲ್ಲಿಸಿದರೆ ಈ ಸಂಕಟದ ಬಹುಪಾಲು ನಿಲ್ಲುತ್ತದೆ. ಹಸಿ ಕಸಕ್ಕೆ ಮುಚ್ಚಳದ ಬಕೆಟ್ ಇಡಿ, ಅಡಿಯಲ್ಲಿ ಎರಡು ಪದರ ಹಳೆಯ ಪೇಪರ್ ಹಾಸಿ, ಗಾಡಿ ಬಂದಾಗ ನೇರ ಸುರಿಯಿರಿ. ಕ್ಯಾರಿಬ್ಯಾಗ್ ಬಿಟ್ಟು, ಅದರ ಬದಲು ಕಪ್ಪು ಕಸದ ಚೀಲದ ರೋಲ್ ಕೊಂಡರೆ ಗಳಿಸಿದ್ದರಲ್ಲಿ ಒಂದಿಷ್ಟು ಕೈಬಿಟ್ಟ ಹಾಗೆ. ಅಮೆರಿಕದ ಕ್ಯಾಲಿಫೋರ್ನಿಯಾದ ಕ್ಯಾರಿಬ್ಯಾಗ್ ನಿಷೇಧಗಳ ಬಗ್ಗೆ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಉಳಿತಾಯವಾದ ಪ್ಲಾಸ್ಟಿಕ್ಕಿನ ಶೇ. 30ರ ಹತ್ತಿರದಷ್ಟು ಹೀಗೆ ಕಸದ ಚೀಲದ ರೂಪದಲ್ಲಿ ಮರಳಿ ಬಂದಿತ್ತು.

ಹಾಗಾದರೆ ಯಾವುದಕ್ಕೆ ಯಾವ ಚೀಲ?

ಉಳ್ಳಾಗಡ್ಡಿ, ಆಲೂಗಡ್ಡೆ, ಬದನೆಕಾಯಿ, ಟೊಮೆಟೊಗೆ ನಮ್ಮ ಹಳೆಯ ವಾಯರ್ ಬುಟ್ಟಿಗೆ ಸಾಟಿಯಿಲ್ಲ. ಅದೂ ಪ್ಲಾಸ್ಟಿಕ್ಕೇ, ನಿಜ. ಆದರೆ ವರ್ಷಗಟ್ಟಲೆ ಬಾಳುತ್ತದೆ, ನೀರು ಸೋರುತ್ತದೆ, ಮಣ್ಣು ಮೆತ್ತಿದರೆ ನಳದಡಿ ಹಿಡಿದರೆ ಸಾಕು, ತಳ ಗಟ್ಟಿಯಿರುವುದರಿಂದ ಟೊಮೆಟೊ ಜಜ್ಜುವುದಿಲ್ಲ. ಬೆಳಗಾವಿ, ಬಾಗಲಕೋಟೆ ಕಡೆ ಸಕ್ಕರೆ ಚೀಲದಿಂದ ಹೊಲಿದ ಕೈಚೀಲವೂ ಉತ್ತಮ. ಅದು ನೇಯ್ದ ಪಾಲಿಪ್ರೊಪಿಲೀನ್. ಡೆನ್ಮಾರ್ಕಿನ ಲೆಕ್ಕದಲ್ಲಿ ಹವಾಮಾನದ ಮಟ್ಟಿಗೆ ಐದೇ ಸಲದಲ್ಲಿ ಹೊರೆ ತೀರಿಸುವ ಚೀಲ ಇದು, ಅದೂ ಹೊಸದಾಗಿ ಮಾಡಿದರೆ. ಮೂರು ಎಚ್ಚರಿಕೆ ಬೇಕು: ಗೊಬ್ಬರದ, ಔಷಧದ ಚೀಲಗಳನ್ನು ಎಷ್ಟು ತೊಳೆದರೂ ತಿನ್ನುವ ವಸ್ತುವಿಗೆ ಬಳಸಬೇಡಿ, ಕತ್ತರಿಸಿದ ಅಂಚನ್ನು ಎರಡು ಸಲ ಮಡಚಿ ಹೊಲಿಯಿರಿ, ಇಲ್ಲವಾದರೆ ಪಟ್ಟಿಗಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತವೆ, ಬಿಸಿಲಿನಲ್ಲಿ ನೇತುಹಾಕಬೇಡಿ, ಪಟ್ಟಿ ಸೆಟೆದು ಚೂರಾಗುತ್ತದೆ.

ಮೆಂತೆ, ಕೊತ್ತಂಬರಿ, ರಾಜಗಿರಿ, ಪುಂಡಿಪಲ್ಲೆಯ ವಿಷಯದಲ್ಲಿ ಪ್ಲಾಸ್ಟಿಕ್ ಗೆಲ್ಲುತ್ತದೆ ಎಂದು ಒಪ್ಪಿಕೊಳ್ಳಬೇಕು. ತೇವ ಹಿಡಿದಿಡುವುದರಿಂದ ಸೊಪ್ಪು ಬಾಡುವುದಿಲ್ಲ. ವಿಜಯಪುರದ ಏಪ್ರಿಲ್ ಬಿಸಿಲಿನಲ್ಲಿ ಒಣ ಬಟ್ಟೆ ಚೀಲದಲ್ಲಿಟ್ಟ ಸೊಪ್ಪು ಮನೆ ಮುಟ್ಟುವುದರೊಳಗೆ ಜೋತುಬೀಳುತ್ತದೆ. ಒಂದು ತೆಳುವಾದ ಹಳೆಯ ಹತ್ತಿ ಪಂಚೆಯ ತುಂಡನ್ನು ನೀರಲ್ಲಿ ಅದ್ದಿ, ಗಟ್ಟಿ ಹಿಂಡಿ, ಡಬ್ಬಿಯಲ್ಲಿ ಒಯ್ದು, ಸೊಪ್ಪನ್ನು ಅದರಲ್ಲಿ ಸುತ್ತಿ ತಂದರೆ ಈ ಕೊರತೆ ನೀಗುತ್ತದೆ.

ಗಿರಣಿಯಿಂದ ಬರುವ ಜೋಳದ ಹಿಟ್ಟಿಗೆ ಕ್ಯಾರಿಬ್ಯಾಗ್ ಎಲ್ಲಕ್ಕಿಂತ ಕೆಟ್ಟದ್ದು. ಹಿಟ್ಟು ಬಿಸಿಯಾಗಿರುತ್ತದೆ, ಬಾಯಿ ಕಟ್ಟಿದೊಡನೆ ಒಳಗೆ ಬೆವರಿ ಗಂಟುಗಟ್ಟುತ್ತದೆ, ಮುಗ್ಗಲು ವಾಸನೆ ಬರುತ್ತದೆ. ಸ್ಟೀಲ್ ಡಬ್ಬಿ ಅಥವಾ ಒತ್ತಾಗಿ ನೇಯ್ದ ಹತ್ತಿ ಚೀಲ ಸರಿ. ಆದರೆ ಹಿಟ್ಟಿನ ಚೀಲದ ಹೊಲಿಗೆಯ ಸಂದಿಯಲ್ಲಿ ಹುಳದ ತತ್ತಿ ಉಳಿಯುತ್ತದೆ, ಮುಂದಿನ ಹಿಟ್ಟಿಗೆ ಅಲ್ಲಿಂದಲೇ ಹುಳ ಬೀಳುತ್ತದೆ. ತಿಂಗಳಿಗೊಮ್ಮೆ ಚೀಲವನ್ನು ಒಳಮೈ ಹೊರಗೆ ಮಾಡಿ, ಹತ್ತು ನಿಮಿಷ ಕುದಿಯುವ ನೀರಲ್ಲಿಟ್ಟು, ಬಿಸಿಲಿಗೆ ಹಾಕಿ. ಮೊಸರು, ಮಟನ್, ಬಿಸಿ ಭಜಿ, ಸಾರಿಗೆ ಡಬ್ಬಿಯೇ ಸರಿ, ಚೀಲದ ಚರ್ಚೆಯೇ ಬೇಡ.

ಸಣ್ಣ ಪ್ರಮಾಣದ ಖರೀದಿಯಲ್ಲಿ ತೂಕದ ಮೋಸವಾಗದಂತೆ ನೋಡಿಕೊಳ್ಳಬೇಕು. 30 ಗ್ರಾಂನ ಬಟ್ಟೆ ಚೀಲದ ಸಮೇತ ಕಾಲು ಕಿಲೊ ಹಸಿಮೆಣಸಿನಕಾಯಿ ತೂಗಿದರೆ ಶೇ. 12 ಹೋಯಿತು. ಮೊದಲು ತಕ್ಕಡಿಯ ಪರಾತದಲ್ಲಿ ತೂಗಿಸಿ, ಆಮೇಲೆ ಚೀಲಕ್ಕೆ ಸುರಿಸಿಕೊಳ್ಳಿ. ಎಲೆಕ್ಟ್ರಾನಿಕ್ ತಕ್ಕಡಿಯಾದರೆ ಖಾಲಿ ಚೀಲ ಇಟ್ಟು ಸೊನ್ನೆ ಮಾಡಲು ಹೇಳಿ.

ನನ್ನ ಮಟ್ಟಿಗೆ ಅತ್ಯುತ್ತಮ ಬಟ್ಟೆ ಚೀಲ ಎಂದರೆ ಹೊಸದಾಗಿ ಕೊಳ್ಳದೆ ಮನೆಯ ಹಳೆಯ ಬಟ್ಟೆಯಿಂದ ಹೊಲಿದದ್ದು. 131ರ ಲೆಕ್ಕ ಹೊಸ ಹತ್ತಿಗೆ ಸೇರಿದ್ದು. ಸೀರೆಯಾಗಿ, ಹಾಸಿಗೆಯ ಚಾದರವಾಗಿ ಆಯುಷ್ಯ ಮುಗಿಸಿದ ಬಟ್ಟೆ ಆ ಸಾಲವನ್ನು ಆಗಲೇ ತೀರಿಸಿದೆ, ಉಳಿದದ್ದು ದಾರ ಮತ್ತು ಶ್ರಮ.

ಎಂಟು-ಹತ್ತು ಕಿಲೊ ಹೊರುವ ಚೀಲಕ್ಕೆ 42 ಸೆಂ.ಮೀ. ಅಗಲ, 104 ಸೆಂ.ಮೀ. ಉದ್ದದ ಒಂದೇ ತುಂಡು ಬೇಕು. ತಳದಲ್ಲಿ ಜೋಡಣೆ ಬರಬಾರದು, ಭಾರ ಬೀಳುವುದು ಅಲ್ಲೇ. ಎರಡೂ ತುದಿಗೆ ಮೊದಲು 1, ನಂತರ 3 ಸೆಂ.ಮೀ. ಮಡಚಿ ಹೊಲಿದರೆ ಬಾಯಿಯ ಪಟ್ಟಿ ಆಯಿತು. ನಡುವೆ ಮಡಚಿ, ಪಕ್ಕಗಳನ್ನು ಮೊದಲು ಹೊರಮೈಯಿಂದ ಅರ್ಧ ಸೆಂ.ಮೀ., ತಿರುಗಿಸಿ ಒಳಗಿನಿಂದ 1 ಸೆಂ.ಮೀ. ಬಿಟ್ಟು ಹೊಲಿಯಿರಿ. ಹಸಿ ಅಂಚು ಒಳಗೇ ಮುಚ್ಚಿಕೊಂಡು ದಾರ ಬಿಚ್ಚುವುದಿಲ್ಲ. ತಳದ ಎರಡೂ ಮೂಲೆಗಳನ್ನು ತ್ರಿಕೋನವಾಗಿ ಹಿಡಿದು 10 ಸೆಂ.ಮೀ. ಅಡ್ಡ ಹೊಲಿಗೆ ಹಾಕಿದರೆ ಚೀಲ ನೆಟ್ಟಗೆ ಕೂರುತ್ತದೆ.

ಚೀಲ ಕೆಡುವುದು ಬಹುತೇಕ ಹಿಡಿಯ ಬುಡದಲ್ಲಿ. ಹಿಡಿಯ ತುದಿಯನ್ನು ಬಾಯಿಗೆ ತಾಗಿಸಿ ಒಂದೇ ಸಾಲು ಹೊಲಿದರೆ ಇಡೀ ಭಾರ ಆ ಒಂದು ಗೆರೆಯ ಸೂಜಿ ತೂತುಗಳ ಮೇಲೆ ಬೀಳುತ್ತದೆ, ಬಟ್ಟೆ ಅಲ್ಲೇ ಹರಿಯುತ್ತದೆ. 10 ಸೆಂ.ಮೀ. ಅಗಲ, 60 ಸೆಂ.ಮೀ. ಉದ್ದದ ಪಟ್ಟಿಯನ್ನು ನಾಲ್ಕು ಮಡಿಕೆ ಮಾಡಿ ಎರಡೂ ಅಂಚಿಗೆ ಹೊಲಿಯಿರಿ. ಅದರ ತುದಿ ಚೀಲದ ಮೇಲೆ 6 ಸೆಂ.ಮೀ. ಕೆಳಗೆ ಇಳಿಯಲಿ, ಪಕ್ಕದ ಹೊಲಿಗೆಯಿಂದ 10 ಸೆಂ.ಮೀ. ದೂರವಿರಲಿ. ಅಲ್ಲಿ ಚೌಕ ಹೊಲಿದು, ಚೌಕದೊಳಗೆ ಮೂಲೆಯಿಂದ ಮೂಲೆಗೆ ಎರಡು ಗೆರೆ ಹಾಕಿ. ಹಳೆಯ ಬಟ್ಟೆಯಾದರೆ ಒಳಗಿನಿಂದ ಅಂಗೈಯರ್ಧದ ಗಟ್ಟಿ ತುಂಡನ್ನೂ ಸೇರಿಸಿ. ಪಾಲಿಯೆಸ್ಟರ್ ದಾರ ಒಳ್ಳೆಯದು, ಹತ್ತಿ ದಾರ ಮತ್ತೆ ಮತ್ತೆ ಒದ್ದೆಯಾಗಿ ಬೇಗ ಸವೆಯುತ್ತದೆ.

ಸವೆದ ಸೀರೆಯ ಒಂದೇ ಪದರ ಸಾಲದು. ಕೌದಿ ಹೊಲಿಯುವವರು ಮಾಡುವಂತೆ ಎರಡು ಪದರ ಕೂಡಿಸಿ, ಬೆರಳಗಲಕ್ಕೊಂದು ಸಾಲು ಉದ್ದಕ್ಕೂ ಓಟದ ಹೊಲಿಗೆ ಹಾಕಿದರೆ ತೆಳುವಾದ ಬಟ್ಟೆಯೂ ಭಾರ ತಡೆಯುತ್ತದೆ. ಐದೂವರೆ ಮೀಟರಿನ ಸೀರೆಯಿಂದ ಹೀಗೆ ಐದು ಚೀಲ ಏಳುತ್ತವೆ. ಮೊದಲು ಅಂಚಿನ ಕಡೆಯಿಂದ ಉದ್ದಕ್ಕೆ ಹಿಡಿಯ ಪಟ್ಟಿಗಳನ್ನು ಕತ್ತರಿಸಿಕೊಳ್ಳಿ. ಇಳಕಲ್ ಸೀರೆಯಾದರೆ ಒಡಲಿಗೆ ಸೆರಗನ್ನು ಕೊಂಡಿ ಹಾಕಿ ಜೋಡಿಸಿದ ಗೆರೆ ಚೀಲದ ಮೈಯಲ್ಲಿ ಬರದಂತೆ ಕತ್ತರಿಸಿ.

ತೊಳೆಯುವುದನ್ನು ಮಾತ್ರ ಮರೆಯಬೇಡಿ. ಅಮೆರಿಕದ ಸಂಶೋಧಕರು ಗ್ರಾಹಕರ ಕೈಯಲ್ಲಿದ್ದ 84 ಚೀಲಗಳನ್ನು ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ. 8ರಷ್ಟರಲ್ಲಿ ಇ. ಕೊಲೈ ಎಂಬ ಕರುಳಿನ ಬ್ಯಾಕ್ಟೀರಿಯಾ ಸಿಕ್ಕಿತ್ತು. ಮಾಂಸದ ರಸ ತಾಗಿದ ಚೀಲವನ್ನು ಕಾರಿನ ಡಿಕ್ಕಿಯಲ್ಲಿ ಎರಡು ತಾಸು ಬಿಟ್ಟಾಗ ಬ್ಯಾಕ್ಟೀರಿಯಾ ಹತ್ತು ಪಟ್ಟಾದವು. ಕೈಯಿಂದಾಗಲಿ ಯಂತ್ರದಲ್ಲಾಗಲಿ ತೊಳೆದಾಗ ಶೇ. 99.9ಕ್ಕಿಂತ ಹೆಚ್ಚು ಹೋದವು. ಕಾಯಿಪಲ್ಲೆಯ ಚೀಲವನ್ನು ವಾರಕ್ಕೊಮ್ಮೆ ಸೋಪಿನಲ್ಲಿ ಒಗೆದು, ಮೂಲೆಗಳನ್ನು ಹೊರಗೆ ತಿರುವಿ, ಪೂರ್ತಿ ಒಣಗಿದ ಮೇಲೆಯೇ ಮಡಚಿ. ಅರೆ ಒಣಗಿದ್ದನ್ನು ಡಿಕ್ಕಿಯಲ್ಲಿ ತುರುಕಿದರೆ ಬೂಷ್ಟು ಹಿಡಿಯುತ್ತದೆ. ಒಂದು ಚೀಲ ಹಗ್ಗದ ಮೇಲೆ ಒಣಗುವಾಗ ಇನ್ನೊಂದು ಗಾಡಿಯಲ್ಲಿರಬೇಕು, ಆದ್ದರಿಂದ ಮನೆಗೆ ಕನಿಷ್ಠ ಎರಡು ಬೇಕೇ ಬೇಕು.