ಹೊಸ ಮುಖದ ಹಿಂದೆ ನಿಜವಾಗಿ ಬದಲಾದದ್ದೇನು?

ನಿಂತಲ್ಲಿಂದ ಹೊರಟು ಗಂಟೆಗೆ 100 ಕಿಲೋಮೀಟರ್ ವೇಗವನ್ನು ನಾಲ್ಕು ಸೆಕೆಂಡಿನೊಳಗೆ ಮುಟ್ಟುವುದು ಒಂದು ಕಾಲಕ್ಕೆ ಬೆರಳೆಣಿಕೆಯ ಸ್ಪೋರ್ಟ್ಸ್ ಕಾರುಗಳಿಗೆ ಮಾತ್ರ ಸಾಧ್ಯವಿದ್ದ ಸಂಗತಿ. ಈಗ ತಯಾರಕರು ಕೊಡುವ ಅಂಕಿಗಳ ಪ್ರಕಾರ ವಿದ್ಯುತ್ ಕಾರುಗಳಾದ ಬಿಎಂಡಬ್ಲ್ಯು ಐ4 ಎಂ50 ಇದನ್ನು 3.9 ಸೆಕೆಂಡಿನಲ್ಲಿ, ಬಿವೈಡಿ ಸೀಲ್‌ನ ಎರಡು ಮೋಟಾರುಗಳ ಆವೃತ್ತಿ 3.8 ಸೆಕೆಂಡಿನಲ್ಲಿ, ಟೆಸ್ಲಾ ಮಾಡೆಲ್ 3 ಪರ್ಫಾರ್ಮೆನ್ಸ್ 3.1 ಸೆಕೆಂಡಿನಲ್ಲಿ ಮಾಡಿ ಮುಗಿಸುತ್ತವೆ. ನಾಲ್ಕು ಬಾಗಿಲು, ಐದು ಆಸನ ಮತ್ತು ಸಾಮಾನಿಗೆ ಡಿಕ್ಕಿ ಇರುವ ಸಂಸಾರಸ್ಥರ ಕಾರುಗಳೇ ಹೀಗಾಗಿರುವಾಗ ವೇಗವೊಂದನ್ನೇ ನೋಡಿ ಇವುಗಳಲ್ಲಿ ಒಂದನ್ನು ಆರಿಸುವುದು ಕಷ್ಟ. ಇದರ ಜೊತೆಗೆ ಮೂರು ನಾಲ್ಕು ವರ್ಷಕ್ಕೊಮ್ಮೆ ಪ್ರತಿಯೊಂದು ಕಂಪನಿಯೂ ತನ್ನ ಕಾರಿಗೆ ಹೊಸ ದೀಪ, ಹೊಸ ಬಂಪರ್, ಹೊಸ ಪರದೆ ಜೋಡಿಸಿ ಪರಿಷ್ಕೃತ ಆವೃತ್ತಿಯೆಂದು ಬಿಡುಗಡೆ ಮಾಡುತ್ತದೆ. ಕೊಳ್ಳಲು ಹೊರಟವರು ಇವನ್ನೆಲ್ಲ ಹೇಗೆ ತೂಗಿ ನೋಡಬೇಕು?

ನನ್ನ ಮಟ್ಟಿಗೆ ಇದಕ್ಕೆ ಭೌತಶಾಸ್ತ್ರದಲ್ಲಿ ಒಂದು ಭರವಸೆಯ ದಾರಿಯಿದೆ. ಪ್ರತಿಯೊಂದು ಬದಲಾವಣೆಯನ್ನೂ ಎದುರಿಗಿಟ್ಟುಕೊಂಡು, ಇದು ಯಾವ ನಷ್ಟವನ್ನು ಕಡಿಮೆ ಮಾಡುತ್ತದೆ ಎಂದು ಕೇಳಬೇಕು. ಗಾಳಿಯನ್ನು ಸೀಳಲು ವ್ಯಯವಾಗುವ ಶಕ್ತಿಯನ್ನೋ, ಟೈರು ಉರುಳುವಾಗ ಸೋರುವ ಶಕ್ತಿಯನ್ನೋ, ತಂತಿ ಮತ್ತು ಬ್ಯಾಟರಿಯೊಳಗೆ ಬಿಸಿಯಾಗಿ ಹೋಗುವ ಶಕ್ತಿಯನ್ನೋ, ಚಾರ್ಜಿಂಗ್ ಕೇಂದ್ರದಲ್ಲಿ ಕಾಯುವ ಸಮಯವನ್ನೋ, ಚಾಲಕನ ಗಮನ ರಸ್ತೆಯಿಂದ ಸರಿಯುವ ಗಳಿಗೆಯನ್ನೋ ಅದು ತಗ್ಗಿಸದಿದ್ದರೆ, ಆ ಬದಲಾವಣೆ ಎಷ್ಟೇ ಸುಂದರವಾಗಿದ್ದರೂ ಅದಕ್ಕಾಗಿ ಹೆಚ್ಚು ಹಣ ತೆರುವ ಅಗತ್ಯವಿಲ್ಲ.

ಮೊದಲು ವೇಗೋತ್ಕರ್ಷದ ಲೆಕ್ಕವನ್ನೇ ನೋಡೋಣ. ಗಂಟೆಗೆ 100 ಕಿಲೋಮೀಟರ್ ಎಂದರೆ ಸೆಕೆಂಡಿಗೆ 27.8 ಮೀಟರ್. ಮೂರು ಸೆಕೆಂಡಿನಲ್ಲಿ ಅಷ್ಟು ವೇಗ ಬರಬೇಕಾದರೆ ಕಾರಿನ ಸರಾಸರಿ ವೇಗೋತ್ಕರ್ಷ ಗುರುತ್ವ ವೇಗೋತ್ಕರ್ಷದ ಶೇಕಡ 95ರ ಹತ್ತಿರವಿರಬೇಕು. ರಸ್ತೆಯಲ್ಲಿ ಓಡಿಸುವ ಒಳ್ಳೆಯ ಟೈರಿನ ಹಿಡಿತವೂ ಒಣ ಡಾಂಬರಿನ ಮೇಲೆ ಹೆಚ್ಚುಕಡಿಮೆ ಇದೇ ಮಟ್ಟದ್ದು. ಹಾಗಾಗಿ ಮೂರು ಸೆಕೆಂಡಿಗಿಂತ ಕೆಳಗೆ ಇಳಿದಂತೆಲ್ಲ ಸ್ಪರ್ಧೆ ಮೋಟಾರುಗಳ ನಡುವೆ ಉಳಿಯದೆ ಟೈರು ಮತ್ತು ರಸ್ತೆಯ ಮೇಲ್ಮೈಗೆ ವರ್ಗವಾಗುತ್ತದೆ. ಅಳತೆಯ ಕ್ರಮದಲ್ಲೂ ವ್ಯತ್ಯಾಸವಿದೆ. ಅಮೆರಿಕದಲ್ಲಿ ಕಾರು ಮೊದಲ ಒಂದು ಅಡಿ ಸರಿದ ನಂತರವೇ ಗಡಿಯಾರ ಶುರು ಮಾಡುವ ರೂಢಿಯಿದ್ದು, ಅದರಿಂದಲೇ ಸೆಕೆಂಡಿನ ಎರಡು ಮೂರು ದಶಾಂಶ ಉಳಿಯುತ್ತದೆ. ಟೆಸ್ಲಾ ಮಾಡೆಲ್ ಎಸ್ ಪ್ಲೇಡ್‌ನ ಪ್ರಸಿದ್ಧ 1.99 ಸೆಕೆಂಡು ಹೀಗೆ ಮೊದಲ ಅಡಿಯನ್ನು ಕಳೆದು, ಗಂಟೆಗೆ 60 ಮೈಲಿ ವೇಗಕ್ಕೆ ಹೇಳಿದ ಅಂಕಿ. ಎರಡು ಕಾರುಗಳ ನಡುವೆ ದಶಾಂಶ ಎರಡು ಸೆಕೆಂಡಿನ ಅಂತರವಿದ್ದರೆ, ಅಳೆದ ಕ್ರಮ ಒಂದೇ ಎಂದು ಖಾತ್ರಿಯಾಗುವವರೆಗೆ ಆ ಅಂತರಕ್ಕೆ ಬೆಲೆ ಕೊಡಬೇಕಾಗಿಲ್ಲ.

ಇದಕ್ಕಿಂತ ಮುಖ್ಯವಾದ ಪ್ರಶ್ನೆ ಎಂದರೆ, ಆ ಕಾರು ಅದೇ ಕೆಲಸವನ್ನು ಐದನೆಯ ಸಲವೂ, ಹತ್ತನೆಯ ಸಲವೂ ಹಾಗೆಯೇ ಮಾಡುತ್ತದೆಯೇ ಎಂಬುದು. ಚಾಲಕನೂ ಸೇರಿ 2,200 ಕಿಲೋಗ್ರಾಂ ತೂಗುವ ಕಾರು 100ರ ವೇಗ ಮುಟ್ಟಿದಾಗ ಅದರ ಚಲನಶಕ್ತಿ ಕೇವಲ 0.24 ಕಿಲೋವ್ಯಾಟ್-ಗಂಟೆ. ಬ್ಯಾಟರಿಯ ಒಟ್ಟು ಸಂಗ್ರಹದ ಮುಂದೆ ಇದು ಏನೇನೂ ಅಲ್ಲ. ಆದರೆ ಅದನ್ನು ಮೂರು ಸೆಕೆಂಡಿನಲ್ಲಿ ಹೊರಗೆಳೆಯಬೇಕಾದರೆ ಸರಾಸರಿ 280 ಕಿಲೋವ್ಯಾಟ್‌ಗೂ ಮಿಕ್ಕ ಸಾಮರ್ಥ್ಯ ಬೇಕು, ಆಗ ಕೋಶಗಳಲ್ಲಿ ಹರಿಯುವ ವಿದ್ಯುತ್ ಪ್ರವಾಹ ನೂರಾರು ಆಂಪಿಯರ್. ಪ್ರವಾಹ ಇಮ್ಮಡಿಯಾದರೆ ಒಳರೋಧದಲ್ಲಿ ಹುಟ್ಟುವ ಶಾಖ ನಾಲ್ಮಡಿಯಾಗುತ್ತದೆ. ಆ ಶಾಖವನ್ನು ಹೊರಸಾಗಿಸುವ ತಂಪುಗೊಳಿಸುವ ವ್ಯವಸ್ಥೆ ದುರ್ಬಲವಾಗಿದ್ದರೆ, ಬ್ಯಾಟರಿಯನ್ನು ಕಾಪಾಡಲು ತಂತ್ರಾಂಶವೇ ಸಾಮರ್ಥ್ಯವನ್ನು ಮೊಟಕುಗೊಳಿಸುತ್ತದೆ. ಜಾಹೀರಾತಿನ ಅಂಕಿ ಮೊದಲ ಸಲದ್ದು. ಕೊಂಡವರು ವರ್ಷಗಟ್ಟಲೆ ಬಾಳುವೆ ಮಾಡುವುದು ಆಮೇಲಿನ ಅಂಕಿಗಳ ಜೊತೆಗೆ.

ಹೆಚ್ಚು ವೇಗದಲ್ಲಿ ಮೋಟಾರಿನ ಎಳೆತ ಕುಗ್ಗುವುದೂ ಇದಕ್ಕೆ ಸೇರಿಕೊಂಡ ವಿಷಯ. ಪೋರ್ಷೆ ಟೈಕಾನ್‌ನ ಹಿಂಬದಿ ಚಕ್ರಗಳ ಅಚ್ಚಿಗೆ ಎರಡು ಗೇರುಗಳಿರುವುದು ಇದೇ ಕಾರಣಕ್ಕೆ. ಟೆಸ್ಲಾ ಪ್ಲೇಡ್‌ನಲ್ಲಿ ಗೇರಿಗೆ ಬದಲಾಗಿ, ತಿರುಗುವ ಭಾಗಕ್ಕೆ ಕಾರ್ಬನ್ ನಾರಿನ ಕವಚ ಸುತ್ತಿ, ಮೋಟಾರು ಅತಿ ವೇಗದಲ್ಲಿ ತಿರುಗಿದರೂ ಸಿಡಿಯದಂತೆ ಮಾಡಿದ್ದಾರೆ. ಎರಡೂ ಜಾಣ ಪರಿಹಾರಗಳೇ.

ಕಣ್ಣಿಗೆ ಕಾಣದ ಬದಲಾವಣೆ ಎಷ್ಟು ದೊಡ್ಡದಿರಬಹುದು ಎಂಬುದಕ್ಕೆ 2024ರಲ್ಲಿ ಬಂದ ಪರಿಷ್ಕೃತ ಟೈಕಾನ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. 2019ರ ಮೂಲ ಕಾರನ್ನೂ ಇದನ್ನೂ ಅಕ್ಕಪಕ್ಕ ನಿಲ್ಲಿಸಿದರೆ ದೀಪಗಳ ಆಕಾರ ಮತ್ತು ಮುಂಭಾಗದ ಕೆಲವು ಗೆರೆಗಳನ್ನು ಬಿಟ್ಟು ಹೆಚ್ಚೇನೂ ಬದಲಾದಂತೆ ತೋರುವುದಿಲ್ಲ. ಒಳಗೆ ಮಾತ್ರ ಹಿಂಬದಿಯ ಮೋಟಾರು 10.4 ಕಿಲೋಗ್ರಾಂ ಹಗುರವಾಗಿ, ಅದರ ಸಾಮರ್ಥ್ಯ ಮೊದಲಿಗಿಂತ 80 ಕಿಲೋವ್ಯಾಟ್‌ನಷ್ಟು ಹೆಚ್ಚಿದೆ. ದೊಡ್ಡ ಬ್ಯಾಟರಿಯ ಸಂಗ್ರಹ 93 ಕಿಲೋವ್ಯಾಟ್-ಗಂಟೆಯಿಂದ 105ಕ್ಕೆ ಹೋಗಿದ್ದರೂ ಅದರ ತೂಕ ಹೆಚ್ಚುವುದಿರಲಿ, ಸ್ವಲ್ಪ ಇಳಿದಿದೆ. ಬ್ರೇಕ್ ಒತ್ತಿದಾಗ ಬ್ಯಾಟರಿಗೆ ಹಿಂದಿರುಗಿಸಬಲ್ಲ ಸಾಮರ್ಥ್ಯ 290 ಕಿಲೋವ್ಯಾಟ್‌ನಿಂದ 400ಕ್ಕೆ ಮುಟ್ಟಿದೆ. ಗರಿಷ್ಠ ಚಾರ್ಜಿಂಗ್ ಸಾಮರ್ಥ್ಯ 270ರಿಂದ 320 ಕಿಲೋವ್ಯಾಟ್‌ಗೆ ಏರಿದ ಸುದ್ದಿಯೇ ಎಲ್ಲೆಡೆ ದೊಡ್ಡದಾಗಿ ಕಾಣಿಸಿಕೊಂಡಿತಾದರೂ, ನನಗೆ ಅದಕ್ಕಿಂತ ಮಹತ್ವದ್ದೆನಿಸಿದ್ದು ಇನ್ನೊಂದು ವಿವರ. ಬ್ಯಾಟರಿ 15 ಡಿಗ್ರಿ ಸೆಲ್ಸಿಯಸ್‌ನಷ್ಟು ತಣ್ಣಗಿದ್ದಾಗ ಶೇಕಡ 10ರಿಂದ 80ರವರೆಗೆ ತುಂಬಲು ಹಳೆಯ ಕಾರಿಗೆ 37 ನಿಮಿಷ ಬೇಕಿತ್ತು, ಹೊಸದಕ್ಕೆ 18 ನಿಮಿಷ ಸಾಕು ಎನ್ನುತ್ತದೆ ಕಂಪನಿ. ಹದವಾಗಿ ಬಿಸಿಯಾದ ಬ್ಯಾಟರಿಯಲ್ಲಿ ದಾಖಲೆ ಮಾಡುವುದು ಬೇರೆ, ತಣ್ಣನೆಯ ಮುಂಜಾನೆ ಹೊರಟವರ ಕಾಯುವಿಕೆಯನ್ನು ಅರ್ಧಕ್ಕಿಳಿಸುವುದು ಬೇರೆ. ಎಂಜಿನಿಯರುಗಳು ನಿಜವಾಗಿ ಶ್ರಮಪಟ್ಟಿದ್ದಾರೆ ಎನ್ನುವುದಕ್ಕೆ ಇಂಥ ಅಂಕಿಯೇ ಸಾಕ್ಷಿ.

ಈ ಚಾರ್ಜಿಂಗ್ ವೇಗದ ಹಿಂದೆ ವೋಲ್ಟೇಜಿನ ಆಯ್ಕೆಯಿದೆ. 250 ಕಿಲೋವ್ಯಾಟ್ ಸಾಮರ್ಥ್ಯವನ್ನು 400 ವೋಲ್ಟ್‌ನಲ್ಲಿ ಹರಿಸಲು 625 ಆಂಪಿಯರ್ ಬೇಕು, 800 ವೋಲ್ಟ್‌ನಲ್ಲಾದರೆ ಅದರ ಅರ್ಧ. ಅದೇ ತಂತಿಯಲ್ಲಿ ಹುಟ್ಟುವ ಶಾಖ ನಾಲ್ಕನೇ ಒಂದು ಭಾಗಕ್ಕಿಳಿಯುತ್ತದೆ. ಟೈಕಾನ್, ಆಡಿ ಇ-ಟ್ರಾನ್ ಜಿಟಿ, ಹ್ಯುಂಡೈ ಅಯಾನಿಕ್ 6 ಇವು 800 ವೋಲ್ಟ್ ವರ್ಗಕ್ಕೆ ಸೇರಿದರೆ, ಲೂಸಿಡ್ ಏರ್ 900ನ್ನೂ ದಾಟಿದೆ. ಮಾಡೆಲ್ 3 ಮತ್ತು ಐ4 ಎರಡೂ 400 ವೋಲ್ಟ್ ವರ್ಗದವು. ಆದರೆ ಹೆಚ್ಚು ವೋಲ್ಟೇಜಿನ ಕಾರು ಕೊಂಡು, ಹತ್ತಿರದಲ್ಲಿ 50 ಕಿಲೋವ್ಯಾಟ್ ಚಾರ್ಜರುಗಳು ಮಾತ್ರ ಇದ್ದರೆ ಆ ಅನುಕೂಲ ಬಳಕೆಗೇ ಬರುವುದಿಲ್ಲ. ರಾತ್ರಿಯಿಡೀ ಮನೆಯಲ್ಲೇ ಚಾರ್ಜ್ ಮಾಡಿಕೊಳ್ಳುವವರು ಈ ಅಂಶಕ್ಕೆ ಕಡಿಮೆ ತೂಕ ಕೊಟ್ಟರೂ ನಡೆಯುತ್ತದೆ.

ಇನ್ನು ಗಾಳಿ ಮತ್ತು ಟೈರಿನ ವಿಷಯ. ಇಲ್ಲಿ ಜನ ದಾರಿ ತಪ್ಪುವುದೇ ಹೆಚ್ಚು. 2023ರಲ್ಲಿ ಮಾಡೆಲ್ 3ರ ಮೂತಿಯನ್ನು ತಿದ್ದಿದಾಗ ಅದರ ಗಾಳಿ ಎಳೆತದ ಗುಣಾಂಕ 0.225ರಿಂದ 0.219ಕ್ಕೆ ಇಳಿಯಿತು. ಕಾರಿನ ಮುಂಭಾಗದ ವಿಸ್ತೀರ್ಣ ಸುಮಾರು 2.2 ಚದರ ಮೀಟರ್ ಎಂದಿಟ್ಟುಕೊಂಡು, ಗಂಟೆಗೆ 120 ಕಿಲೋಮೀಟರ್ ವೇಗದಲ್ಲಿ ಲೆಕ್ಕ ಹಾಕಿದರೆ, ಇದರಿಂದ ಪ್ರತಿ 100 ಕಿಲೋಮೀಟರಿಗೆ ಉಳಿಯುವುದು ಹತ್ತಿರಹತ್ತಿರ ಕಾಲು ಕಿಲೋವ್ಯಾಟ್-ಗಂಟೆ. ಈಗ ಟೈರನ್ನು ನೋಡಿ. 2,100 ಕಿಲೋಗ್ರಾಂ ತೂಕದ ಕಾರಿಗೆ ಉರುಳುವಿಕೆಯ ಪ್ರತಿರೋಧದ ಗುಣಾಂಕ 0.009 ಇರುವ ಟೈರು ಹಾಕಿದರೆ 100 ಕಿಲೋಮೀಟರಿಗೆ ಸುಮಾರು 5.2 ಕಿಲೋವ್ಯಾಟ್-ಗಂಟೆ ಬೇಕು. ಹಿಡಿತವನ್ನೇ ಗುರಿಯಾಗಿಸಿಕೊಂಡ, ಗುಣಾಂಕ 0.011 ಇರುವ ಟೈರಿಗೆ ಸುಮಾರು 6.3 ಬೇಕು. ಮೂತಿ ತಿದ್ದಿ ಉಳಿಸಿದ್ದರ ನಾಲ್ಕು ಪಟ್ಟಿಗೂ ಹೆಚ್ಚು ಶಕ್ತಿ ಟೈರೊಂದರ ಆಯ್ಕೆಯಲ್ಲೇ ಸೋರಿಹೋಗುತ್ತದೆ. ಇದು ಕಾಗದದ ಮೇಲಿನ ಲೆಕ್ಕ ಮಾತ್ರವಲ್ಲ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯಾದ ಇಪಿಎಯ ಪರೀಕ್ಷೆಯಲ್ಲಿ 2022ರ ಲೂಸಿಡ್ ಏರ್ ಗ್ರ್ಯಾಂಡ್ ಟೂರಿಂಗ್ 19 ಇಂಚಿನ ಚಕ್ರಗಳೊಂದಿಗೆ 516 ಮೈಲಿ ಓಡಬಲ್ಲದೆಂದು ದಾಖಲಾದರೆ, ಅದೇ ಕಾರು 21 ಇಂಚಿನ ಚಕ್ರಗಳೊಂದಿಗೆ 469 ಮೈಲಿಗೆ ಇಳಿಯಿತು. ನೋಟಕ್ಕೆಂದು ಹಾಕಿಸಿಕೊಂಡ ದೊಡ್ಡ ಚಕ್ರ ಸುಮಾರು 75 ಕಿಲೋಮೀಟರ್ ನುಂಗಿತು! ಆದ್ದರಿಂದ ಪ್ರತಿಸ್ಪರ್ಧಿ ಕಾರುಗಳನ್ನು ಹೋಲಿಸುವಾಗ ಪ್ರತಿಯೊಂದರ ಚಕ್ರದ ಅಳತೆ ಏನೆಂದು ಮೊದಲು ಬರೆದುಕೊಳ್ಳಬೇಕು. ಪರ್ಫಾರ್ಮೆನ್ಸ್ ಎಂಬ ಹೆಸರು ಹೊತ್ತ ಆವೃತ್ತಿಗಳು ಬಹುತೇಕ ದೊಡ್ಡ ಚಕ್ರ, ಅಗಲ ಟೈರಿನೊಂದಿಗೇ ಬರುತ್ತವೆ, ಅವುಗಳ ವ್ಯಾಪ್ತಿ, ಅಂದರೆ ಒಮ್ಮೆ ಚಾರ್ಜ್ ಮಾಡಿದರೆ ಓಡುವ ದೂರ, ಕಡಿಮೆಯಾಗಲು ಮೋಟಾರಿನಷ್ಟೇ ಇವೂ ಕಾರಣ.

ವ್ಯಾಪ್ತಿಯ ಅಂಕಿಗಳನ್ನು ಹೋಲಿಸುವಾಗ ಪರೀಕ್ಷಾಕ್ರಮ ಒಂದೇ ಆಗಿರಬೇಕೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಚೀನಾದ ಸಿಎಲ್‌ಟಿಸಿ ತುಂಬ ಉದಾರ, ಯುರೋಪಿನ ಡಬ್ಲ್ಯುಎಲ್‌ಟಿಪಿ ನಡುವಿನದು, ಅಮೆರಿಕದ ಇಪಿಎ ಸಾಮಾನ್ಯವಾಗಿ ಬಿಗಿಯಾದದ್ದು. ಬ್ಯಾಟರಿಯ ಗಾತ್ರಕ್ಕಿಂತ ಅದನ್ನು ಎಷ್ಟು ಜತನದಿಂದ ಬಳಸುತ್ತದೆ ಎಂಬುದು ಕಾರಿನ ಗುಣವನ್ನು ಚೆನ್ನಾಗಿ ಹೇಳುತ್ತದೆ. 84 ಕಿಲೋವ್ಯಾಟ್-ಗಂಟೆಯ ಬ್ಯಾಟರಿಯಿಂದ ಇಪಿಎ ಪರೀಕ್ಷೆಯಲ್ಲಿ 420 ಮೈಲಿ, ಅಂದರೆ ಸುಮಾರು 676 ಕಿಲೋಮೀಟರ್ ತೆಗೆಯುವ 2025ರ ಲೂಸಿಡ್ ಏರ್ ಪ್ಯೂರ್ ಈ ವಿಷಯದಲ್ಲಿ ನಾನು ಮನಸಾರೆ ಮೆಚ್ಚುವ ಕಾರು. ಚಿಕ್ಕ ಬ್ಯಾಟರಿ ಎಂದರೆ ಹೊರುವ ತೂಕವೂ ಕಡಿಮೆ, ತುಂಬುವ ಸಮಯವೂ ಕಡಿಮೆ.

ಪ್ರತಿಸ್ಪರ್ಧಿಗಳ ನಡುವಿನ ಆಳವಾದ ವ್ಯತ್ಯಾಸ ಇರುವುದು ತಳವಿನ್ಯಾಸದಲ್ಲಿ. ಐ4 ಪೆಟ್ರೋಲ್ ಕಾರಿನ ಜೊತೆ ದೇಹ ಹಂಚಿಕೊಂಡಿರುವುದರಿಂದ ಹಿಂಬದಿ ಆಸನದ ನಡುವೆ ಉಬ್ಬು ಹಾಗೆಯೇ ಉಳಿದಿದೆ. ಅದರ ಮೋಟಾರುಗಳಲ್ಲಿ ಶಾಶ್ವತ ಅಯಸ್ಕಾಂತಗಳಿಲ್ಲ ಎಂಬುದು ಅದರ ಹೆಗ್ಗಳಿಕೆ. ಸೀಲ್‌ನ ಬ್ಯಾಟರಿ ಲಿಥಿಯಂ ಕಬ್ಬಿಣ ಫಾಸ್ಫೇಟ್ ಬಗೆಯದು. ಒಂದು ಕಿಲೋಗ್ರಾಮಿಗೆ ಹಿಡಿಯುವ ಶಕ್ತಿ ನಿಕಲ್ ಬಗೆಗಿಂತ ಕಡಿಮೆಯಾದರೂ ಹೆಚ್ಚು ಸಲ ಚಾರ್ಜ್ ತಾಳುತ್ತದೆ, ಅತಿಯಾಗಿ ಬಿಸಿಯಾದಾಗಲೂ ಹೆಚ್ಚು ಸ್ಥಿರವಾಗಿರುತ್ತದೆ, ಚಳಿಯಲ್ಲಿ ಮಾತ್ರ ತುಸು ಮಂಕಾಗುತ್ತದೆ. ಸೆಡಾನಿನ ನೆಲದಡಿ ಬ್ಯಾಟರಿ ಹಾಸಿದಾಗ ನೆಲ ಮೇಲೇರಿ, ಹಿಂದೆ ಕೂತವರ ಮೊಣಕಾಲು ಎದೆಯತ್ತ ಬರುವ ತೊಂದರೆಯೂ ಇದೆ. ಟೈಕಾನ್‌ನಲ್ಲಿ ಹಿಂಬದಿ ಪ್ರಯಾಣಿಕರ ಪಾದಕ್ಕೆಂದೇ ಬ್ಯಾಟರಿಯಲ್ಲಿ ಒಂದು ಗುಳಿ ಬಿಟ್ಟಿದ್ದಾರೆ, ಅಂದರೆ ತಗ್ಗಿನ ಮಾಡನ್ನು ಉಳಿಸಿಕೊಳ್ಳಲು ಒಂದಿಷ್ಟು ಕೋಶಗಳ ಜಾಗವನ್ನೇ ತ್ಯಾಗ ಮಾಡಿದ್ದಾರೆ.

ಕಣ್ಣಿಗೆ ಕಾಣುವ ಬದಲಾವಣೆಗಳಲ್ಲಿ ನಾನು ಗಂಭೀರವಾಗಿ ತೆಗೆದುಕೊಳ್ಳುವುದು ಚಾಲಕನ ಕೈಗೆ ಸಿಗುವ ಗುಂಡಿ ಮತ್ತು ಕಡ್ಡಿಗಳನ್ನು. ಮಾಡೆಲ್ 3ರ 2023ರ ಪರಿಷ್ಕರಣೆಯಲ್ಲಿ ಇಂಡಿಕೇಟರ್ ಕಡ್ಡಿಯನ್ನು ತೆಗೆದು ಸ್ಟೀರಿಂಗ್ ಚಕ್ರದ ಮೇಲೆ ಗುಂಡಿ ಇಟ್ಟರು, ಮುಂದೆ ಹಿಂದೆ ಚಲಿಸುವ ಆಯ್ಕೆಯನ್ನು ಪರದೆಗೆ ಸಾಗಿಸಿದರು. ವೃತ್ತದಲ್ಲಿ ಚಕ್ರ ಪೂರ್ತಿ ತಿರುಗಿಸಿಕೊಂಡಿರುವಾಗ ಎಡಗಡೆಯ ಗುಂಡಿ ಮೇಲೋ ಕೆಳಗೋ ಹೋಗಿರುತ್ತದೆ, ಬೆರಳು ಅದನ್ನು ಹುಡುಕಬೇಕು. ಕಡ್ಡಿಯಾದರೆ ಇದ್ದಲ್ಲೇ ಇರುತ್ತದೆ. 2025ರಲ್ಲಿ ಕೆಲವು ಮಾರುಕಟ್ಟೆಗಳಲ್ಲಿ ಕಡ್ಡಿ ಮರಳಿ ಬಂದಿತು. 100 ಕಿಲೋಮೀಟರ್ ವೇಗದಲ್ಲಿ ಎರಡು ಸೆಕೆಂಡು ಪರದೆಯತ್ತ ನೋಡಿದರೆ ಕಾರು 55 ಮೀಟರ್ ದಾಟಿರುತ್ತದೆ. ಇಂಡಿಕೇಟರ್, ಹಾರನ್, ವೈಪರ್‌ಗಳಿಗೆ ಕೈಯಿಂದ ಒತ್ತುವ ಗುಂಡಿ ಅಥವಾ ಕಡ್ಡಿ ಇರಬೇಕೆಂದು, ಕಾರುಗಳ ಸುರಕ್ಷತೆಯನ್ನು ಪರೀಕ್ಷಿಸಿ ಅಂಕ ಕೊಡುವ ಯುರೋಪಿನ ಸಂಸ್ಥೆ ಯುರೋ ಎನ್‌ಕ್ಯಾಪ್ 2026ರ ತನ್ನ ಅಂಕ ನೀಡಿಕೆಯಲ್ಲಿ ಸೇರಿಸಿರುವುದು ಇದಕ್ಕಾಗಿಯೇ. ಮೂರು ಸೆಕೆಂಡಿನಲ್ಲಿ 100 ಮುಟ್ಟುವ ಕಾರಿನಲ್ಲಿ ಈ ನಿಯಮ ಇನ್ನೂ ಹೆಚ್ಚು ಅನ್ವಯಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಹಾಗಾದರೆ ಹಳೆಯ ಆವೃತ್ತಿ ಕಡಿಮೆ ಬೆಲೆಗೆ ಸಿಗುತ್ತಿರುವಾಗ ಏನು ಮಾಡಬೇಕು? ಎರಡೂ ಆವೃತ್ತಿಗಳ ತಾಂತ್ರಿಕ ವಿವರದ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನಾಲ್ಕು ಸಾಲು ಓದಿದರೆ ಸಾಕು: ಬ್ಯಾಟರಿಯ ಸಂಗ್ರಹ, ಕಾರಿನ ತೂಕ, ಶೇಕಡ 10ರಿಂದ 80ರವರೆಗಿನ ಚಾರ್ಜಿಂಗ್ ಸಮಯ, ಒಂದೇ ಅಳತೆಯ ಚಕ್ರಗಳೊಂದಿಗೆ 100 ಕಿಲೋಮೀಟರಿಗೆ ತಗಲುವ ಶಕ್ತಿ. ಇವು ನಾಲ್ಕೂ ಇದ್ದಂತೆಯೇ ಇದ್ದರೆ ಬದಲಾದದ್ದು ಹೊರಮೈ ಮಾತ್ರ, ಹಳೆಯದನ್ನು ಧೈರ್ಯವಾಗಿ ಕೊಳ್ಳಬಹುದು. ಟೈಕಾನ್‌ನಲ್ಲಿ ಆದಂತೆ ನಾಲ್ಕೂ ಒಳ್ಳೆಯ ದಿಕ್ಕಿಗೆ ಸರಿದಿದ್ದರೆ, ತಿಂಗಳುಗಟ್ಟಲೆ ಕಾಯಬೇಕಾದರೂ ಹೊಸದೇ ಮೇಲು. ಹಳೆಯದನ್ನು ಆರಿಸುವವರು ಬ್ಯಾಟರಿಯ ಖಾತರಿ ಪತ್ರವನ್ನೂ ತೆರೆದು ನೋಡಬೇಕು. ಹಲವು ತಯಾರಕರು ಎಂಟು ವರ್ಷದೊಳಗೆ ಬ್ಯಾಟರಿಯ ಸಾಮರ್ಥ್ಯ ಶೇಕಡ 70ಕ್ಕಿಂತ ಕೆಳಗಿಳಿಯುವುದಿಲ್ಲವೆಂದು ಭರವಸೆ ಕೊಡುತ್ತಾರೆ, ಆದರೆ ಆ ಎಂಟು ವರ್ಷದ ಎಣಿಕೆ ಕಾರು ಮೊದಲು ನೋಂದಣಿಯಾದ ದಿನದಿಂದ ಶುರುವೋ, ನಿಮ್ಮ ಹೆಸರಿಗೆ ಬಂದ ದಿನದಿಂದಲೋ ಎಂಬುದನ್ನು ಹಣ ಕೊಡುವ ಮೊದಲೇ ಬರವಣಿಗೆಯಲ್ಲಿ ಕೇಳಿ ಪಡೆದುಕೊಳ್ಳಬೇಕು.