ದರ ಚಿನ್ನದ್ದು, ಬೆಲೆ ಗಟ್ಟಿಯದ್ದು

ಚಿನ್ನದ ಗಟ್ಟಿಯನ್ನು ಪರೀಕ್ಷೆಗೆ ತರುವವರು ಸಾಮಾನ್ಯವಾಗಿ ಅಂದಿನ ದರವನ್ನು ಮೊಬೈಲಿನಲ್ಲಿ ನೋಡಿ, ತೂಕದಿಂದ ಗುಣಿಸಿಕೊಂಡೇ ಬಂದಿರುತ್ತಾರೆ. ಅವರ ಲೆಕ್ಕ ತಪ್ಪಲ್ಲ, ಅರ್ಧಕ್ಕೇ ನಿಂತಿರುತ್ತದೆ ಅಷ್ಟೆ. ಆ ದರ ಅಪ್ಪಟ ಚಿನ್ನದ್ದು. ಗಟ್ಟಿಯಲ್ಲಿ ಅಪ್ಪಟ ಚಿನ್ನ ಎಷ್ಟಿದೆ, ಅದನ್ನು ನಂಬಬಹುದೇ ಎಂಬುದು ಬೇರೆಯೇ ಪ್ರಶ್ನೆ.

ಚಿನಿವಾರ ಪೇಟೆಗಳು ಆಧಾರವಾಗಿ ನೋಡುವ ಲಂಡನ್ ದರಕ್ಕೆ 1919ರಿಂದ ಇತಿಹಾಸವಿದೆ. 2015ರಿಂದ ಅದು ಎಲೆಕ್ಟ್ರಾನಿಕ್ ಹರಾಜು. ಅಲ್ಲಿನ ಸಮಯ ಬೆಳಿಗ್ಗೆ 10.30ಕ್ಕೊಮ್ಮೆ, ಮಧ್ಯಾಹ್ನ 3ಕ್ಕೊಮ್ಮೆ ನಡೆಯುತ್ತದೆ. ಕೊಳ್ಳುವವರ ಬೇಡಿಕೆಯೂ ಮಾರುವವರ ಪ್ರಮಾಣವೂ ಹೆಚ್ಚುಕಡಿಮೆ ಸರಿಹೊಂದುವವರೆಗೆ ದರವನ್ನು ಏರಿಸಿ ಇಳಿಸಿ ನಿಲ್ಲಿಸುತ್ತಾರೆ. ಉಳಿದ ಹೊತ್ತಿನಲ್ಲಿ ದರ ಕ್ಷಣಕ್ಷಣವೂ ಅಲುಗಾಡುತ್ತಲೇ ಇರುತ್ತದೆ. ಲೆಕ್ಕವೆಲ್ಲ ಟ್ರಾಯ್ ಔನ್ಸಿನಲ್ಲಿ, ಅಂದರೆ 31.1035 ಗ್ರಾಂ. ಇದನ್ನು 28.35 ಗ್ರಾಂನ ಸಾಮಾನ್ಯ ಔನ್ಸ್ ಎಂದುಕೊಂಡವರ ಲೆಕ್ಕ ಶೇ 10ರಷ್ಟು ಎಡವಟ್ಟಾಗುತ್ತದೆ.

ಬ್ಯಾಂಕುಗಳ ನಡುವೆ ಓಡಾಡುವ ದೊಡ್ಡ ಗಟ್ಟಿಗಳು ಸುಮಾರು ಹನ್ನೆರಡೂವರೆ ಕಿಲೋ ತೂಗುತ್ತವೆ. ಲಂಡನ್ ನಿಯಮದಂತೆ ಅವುಗಳಲ್ಲಿ 350ರಿಂದ 430 ಔನ್ಸ್ ಅಪ್ಪಟ ಚಿನ್ನವಿರಬೇಕು, ಪರಿಶುದ್ಧತೆ ಸಾವಿರಕ್ಕೆ 995ಕ್ಕಿಂತ ಕಡಿಮೆ ಇರಬಾರದು. ಎರಡು ಗಟ್ಟಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಒಂದು 401.225 ಔನ್ಸ್, ಪರಿಶುದ್ಧತೆ 996.4. ಇನ್ನೊಂದು 400.500 ಔನ್ಸ್, 998.5. ತಕ್ಕಡಿಯಲ್ಲಿ ಮೊದಲನೆಯದೇ ಭಾರ. ಆದರೆ ಅಪ್ಪಟ ಚಿನ್ನ ಮೊದಲನೆಯದರಲ್ಲಿ 399.781 ಔನ್ಸ್, ಎರಡನೆಯದರಲ್ಲಿ 399.899. ಹಗುರವಾದ ಗಟ್ಟಿಗೇ ಬೆಲೆ ಹೆಚ್ಚು. ಉಳಿದ ಬೆಳ್ಳಿ, ತಾಮ್ರಕ್ಕೆ ಯಾರೂ ಹಣ ಎಣಿಸುವುದಿಲ್ಲ.

ಈ ದಶಾಂಶಗಳನ್ನು ಕಂಡುಹಿಡಿಯಲು ಇವತ್ತಿಗೂ ಬೆಂಕಿಯೇ ಬೇಕು. ಗಟ್ಟಿಯಿಂದ ತೆಗೆದ ಚೂರನ್ನು ಅಳತೆಯ ಬೆಳ್ಳಿಯೊಂದಿಗೆ ಸೀಸದ ಹಾಳೆಯಲ್ಲಿ ಸುತ್ತಿ, ರಂಧ್ರಮಯ ಬಟ್ಟಲಿನಲ್ಲಿಟ್ಟು ಕುಲುಮೆಗೆ ಹಾಕುತ್ತೇವೆ. ಕರಗಿದ ಸೀಸ ತಾಮ್ರದಂಥ ಕಲ್ಮಶಗಳನ್ನು ಎಳೆದುಕೊಂಡು ಬಟ್ಟಲಿನೊಳಗೆ ಇಂಗಿಹೋಗುತ್ತದೆ. ತಳದಲ್ಲಿ ಉಳಿಯುವ ಪುಟ್ಟ ಗುಂಡನ್ನು ತಟ್ಟಿ, ಹಾಳೆಯಾಗಿಸಿ, ಸುರುಳಿ ಸುತ್ತಿ ನೈಟ್ರಿಕ್ ಆಮ್ಲದಲ್ಲಿ ಕುದಿಸಿದರೆ ಬೆಳ್ಳಿ ಕರಗುತ್ತದೆ. ಆಗ ಉಳಿದ ಚಿನ್ನ ಕಂದು ಬಣ್ಣದ ಒಣ ತೊಗಟೆಯಂತೆ ಕಾಣುತ್ತದೆ. ಮತ್ತೆ ಕಾಯಿಸಿದಾಗಲಷ್ಟೇ ಹಳದಿ ಮರಳುತ್ತದೆ. ಅದನ್ನು ತೂಗಿ ಮೂಲ ಚೂರಿನ ತೂಕದೊಂದಿಗೆ ಹೋಲಿಸುತ್ತೇವೆ. ಎಕ್ಸ್-ರೇ ಯಂತ್ರ ಕ್ಷಣದಲ್ಲಿ ಉತ್ತರ ಕೊಡುತ್ತದೆ, ನಿಜ. ಆದರೆ ಅದು ಓದುವುದು ಮೇಲ್ಮೈಯ ತೆಳು ಪದರವನ್ನು ಮಾತ್ರ.

ಮೋಸ ನಡೆಯುವುದು ಒಳಗೆ, ಚಿನ್ನದ ನಡುವೆ ಟಂಗ್‌ಸ್ಟನ್ ಎಂಬ ಬೇರೆ ಲೋಹವನ್ನು ತುಂಬಿ. ಟಂಗ್‌ಸ್ಟನ್‌ನ ಸಾಂದ್ರತೆ ಚಿನ್ನದ್ದಕ್ಕೆ ಬಹಳ ಹತ್ತಿರ, ಎರಡೂ 19.3ರ ಆಸುಪಾಸು. ಹಾಗಾಗಿ ನೀರಿನಲ್ಲಿ ಮುಳುಗಿಸಿ ತೂಗಿದರೂ ಗುಟ್ಟು ರಟ್ಟಾಗದಿರಬಹುದು. ಶಬ್ದ ಮಾತ್ರ ಟಂಗ್‌ಸ್ಟನ್‌ನಲ್ಲಿ ಬಹಳ ವೇಗವಾಗಿ ಸಾಗುತ್ತದೆ. ಅದಕ್ಕೇ ಅಲ್ಟ್ರಾಸೌಂಡ್ ಪರೀಕ್ಷೆ ಎಂದರೆ ನನಗೆ ವಿಶ್ವಾಸ.

ಇಷ್ಟೆಲ್ಲ ಗೊಡವೆಯನ್ನು ತಪ್ಪಿಸುವುದೇ ಹೆಸರಾಂತ ಶುದ್ಧೀಕರಣ ಘಟಕದ ಮುದ್ರೆ, ಕ್ರಮಸಂಖ್ಯೆ ಮತ್ತು ಮುರಿಯದ ದಾಖಲೆಗಳ ಸರಪಳಿ. ಮಾನ್ಯತೆ ಪಡೆದ ಭದ್ರ ಕೊಠಡಿಗಳ ವ್ಯವಸ್ಥೆಯಿಂದ ಹೊರಗೆ ಹೋಗಿ ಬಂದ ಗಟ್ಟಿಯನ್ನು ವ್ಯಾಪಾರಿ ಮತ್ತೆ ಪರೀಕ್ಷೆಗೆ ಒಡ್ಡುತ್ತಾನೆ. ಆ ಖರ್ಚು ಮಾರುವವನ ತಲೆಗೇ ಬರುವುದು ವಾಡಿಕೆ.

ಗಾತ್ರದ ಮಾತೂ ಇದೆ. ಎರಕ, ಅಚ್ಚು, ಪ್ಯಾಕಿಂಗ್, ವಿಮೆಯ ಖರ್ಚು ಒಂದು ಗ್ರಾಂನ ಬಿಲ್ಲೆಗೂ ಇದೆ, ಕಿಲೋ ಗಟ್ಟಿಗೂ ಇದೆ. ಗ್ರಾಂ ಲೆಕ್ಕದಲ್ಲಿ ಚಿಕ್ಕದಕ್ಕೇ ಹೊರೆ ಜಾಸ್ತಿ. ಮಾರಲು ಹೋದಾಗ ಆ ಹೆಚ್ಚುವರಿ ಹಣ ಪೂರ್ತಿ ಹಿಂದಿರುಗುವುದು ಅಪರೂಪ. ಆದ್ದರಿಂದ ಕೊಳ್ಳುವ ದಿನವೇ ವ್ಯಾಪಾರಿಯನ್ನು ಇನ್ನೊಂದು ಮಾತು ಕೇಳಿಬಿಡಿ: ಇದೇ ಗಟ್ಟಿಯನ್ನು ಈಗಲೇ ವಾಪಸ್ ಕೊಟ್ಟರೆ ಎಷ್ಟು ಕೊಡುತ್ತೀರಿ?