ದುಬೈಗೆ ಹೊರಟಿದ್ದೇವೆ, ಮಕ್ಕಳನ್ನು ಯಾವ ಶಾಲೆಗೆ ಸೇರಿಸಬೇಕು?

ಪ್ರಶ್ನೆ: ನಾವು ಹಾಸನದವರು. ನಮ್ಮ ಯಜಮಾನರಿಗೆ ದುಬೈಯಲ್ಲಿ ಮೂರು ವರ್ಷದ ಕೆಲಸ ಸಿಕ್ಕಿದೆ. ಮಗಳು 7ನೇ ಕ್ಲಾಸು, ಮಗ 2ನೇ ಕ್ಲಾಸು ಮುಗಿಸುತ್ತಿದ್ದಾರೆ. ಇಬ್ಬರದೂ ಸ್ಟೇಟ್ ಸಿಲಬಸ್. ಅಲ್ಲಿ ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲೋರಿಯೆಟ್ ಅನ್ನುವ ಅಂತರರಾಷ್ಟ್ರೀಯ ಪಠ್ಯಕ್ರಮ) ಶಾಲೆಗೆ ಸೇರಿಸಿ ಅಂತ ಕೆಲವರು ಹೇಳುತ್ತಾರೆ, ಇಂಡಿಯನ್ ಶಾಲೆಯೇ ಸಾಕು ಅಂತ ಕೆಲವರು. ಯಾವುದು ಒಳ್ಳೆಯದು?

ಉತ್ತರ: ಮೊದಲು ಒಂದು ಹಾಳೆ ತಗೊಳ್ಳಿ. ಶಾಲೆಗಳ ಹೆಸರು ಬರೆಯಬೇಡಿ, ವರ್ಷಗಳನ್ನು ಬರೆಯಿರಿ. ಮಗಳು ಅಲ್ಲಿ 8, 9, 10 ಓದುತ್ತಾಳೆ. ಮಗ 3, 4, 5. ನೀವು ವಾಪಸ್ ಬರುವಾಗ ಮಗಳಿಗೆ ಪಿಯುಸಿ ಸೇರುವ ಹೊತ್ತು, ಮಗನಿಗೆ 6ನೇ ಕ್ಲಾಸು. ಹೋಗುವ ಊರನ್ನು ನೋಡಿ ಶಾಲೆ ಹುಡುಕುವವರೇ ಜಾಸ್ತಿ. ವಾಪಸ್ ಬರುವ ವರ್ಷವನ್ನು ನೋಡಿ ಹುಡುಕಬೇಕು ಅಂತ ನಾನು ಹೇಳುತ್ತೇನೆ.

ಹಾಗೆ ನೋಡಿದರೆ ಮಗಳಿಗೆ ಸಿಬಿಎಸ್‌ಇ ಶಾಲೆಯೇ ಸರಿ. ದುಬೈಯಲ್ಲಿ ಸಿಬಿಎಸ್‌ಇ ಶಾಲೆಗಳು ಬೇಕಾದಷ್ಟಿವೆ. ಅವು ಏಪ್ರಿಲ್‌ನಲ್ಲಿ ಶುರುವಾಗುತ್ತವೆ. ಹತ್ತನೇ ಕ್ಲಾಸಿನ ಬೋರ್ಡ್ ಪರೀಕ್ಷೆ ಫೆಬ್ರವರಿ, ಮಾರ್ಚ್‌ನಲ್ಲಿ ನಡೆದು, ಪಿಯುಸಿ ಸೇರುವ ಹೊತ್ತಿಗೆ ಅಂಕಪಟ್ಟಿ ಕೈಗೆ ಸಿಗುತ್ತದೆ. ಬ್ರಿಟಿಷ್ ಪಠ್ಯಕ್ರಮದ ಶಾಲೆ ಸೇರಿ, ನಮ್ಮ ಹತ್ತನೇ ಕ್ಲಾಸಿಗೆ ಸಮನಾದ ಐಜಿಸಿಎಸ್‌ಇ ಪರೀಕ್ಷೆ ಬರೆದರೆ ಪರೀಕ್ಷೆ ಮುಗಿಯುವುದೇ ಜೂನ್‌ನಲ್ಲಿ, ಫಲಿತಾಂಶ ಆಗಸ್ಟ್‌ನಲ್ಲಿ. ಅಷ್ಟರಲ್ಲಿ ಹಾಸನದ ಕಾಲೇಜುಗಳಲ್ಲಿ ಪಿಯುಸಿ ಪಾಠ ಎಷ್ಟೋ ಮುಂದೆ ಹೋಗಿರುತ್ತದೆ. ಮೇಲೆ ಭಾರತೀಯ ವಿಶ್ವವಿದ್ಯಾಲಯಗಳ ಸಂಘದಿಂದ ಸಮಾನತೆಯ ಪ್ರಮಾಣಪತ್ರ ತರುವ ಓಡಾಟ ಬೇರೆ. ಹದಿನಾರು ವರ್ಷದ ಮಗುವಿಗೆ ಅದೆಲ್ಲಾ ಸುಮ್ನೆ ಯಾಕೆ ಬೇಕು, ಅಲ್ವಾ?

ಮೂರು ವರ್ಷಕ್ಕೆ ಅಂತ ಹೋದವರು ಹತ್ತು ವರ್ಷ ಉಳಿಯುವುದೂ ಉಂಟು. ಆಗಲೂ ಸಿಬಿಎಸ್‌ಇ ಆದರೆ ಅಲ್ಲೇ 11, 12 ಮುಂದುವರಿಸಬಹುದು. ಆದರೆ ಯಾವ ಶಾಲೆ ಅನ್ನುವ ನಿರ್ಧಾರವನ್ನು 9ನೇ ಕ್ಲಾಸಿಗೆ ಮೊದಲೇ ಮಾಡಿ. ಬೋರ್ಡ್ ಪರೀಕ್ಷೆಗೆ ನೋಂದಣಿ ಆಗುವುದು 9ರಲ್ಲಿ. 9 ಮತ್ತು 10ರ ನಡುವೆ ಶಾಲೆ ಬದಲಿಸುವುದು ತುಂಬಾ ಕಷ್ಟ.

ಇನ್ನೊಂದು ಲೆಕ್ಕ ನಮ್ಮ ರಾಜ್ಯದ್ದು. ಅದನ್ನು ದುಬೈಯಲ್ಲಿ ಯಾರೂ ನಿಮಗೆ ಹೇಳುವುದಿಲ್ಲ. ಕರ್ನಾಟಕದ ಸಿಇಟಿಯಲ್ಲಿ ಹೆಚ್ಚಿನ ಮಕ್ಕಳು ಅರ್ಹರಾಗುವ ಕಲಂ ಹೀಗಿದೆ: 1ರಿಂದ 12ನೇ ಕ್ಲಾಸಿನೊಳಗೆ ಕನಿಷ್ಠ 7 ವರ್ಷ ರಾಜ್ಯದಲ್ಲಿ ಓದಿರಬೇಕು, ಜೊತೆಗೆ 10 ಅಥವಾ 12ನ್ನು ಇಲ್ಲೇ ಪಾಸಾಗಿರಬೇಕು. ನಿಮ್ಮ ಮಗಳಿಗೆ 7 ವರ್ಷ ಈಗಲೇ ತುಂಬಿದೆ. ಪಿಯುಸಿಗೆ ಹಾಸನಕ್ಕೆ ಬಂದರೆ ಆ ಕಲಂ ಪೂರ್ತಿಯಾಗುತ್ತದೆ. ಮಗನಿಗೆ ಆಗಿರುವುದು ಎರಡೇ ವರ್ಷ. 6ಕ್ಕೆ ಬಂದರೆ ತೊಂದರೆ ಇಲ್ಲ. ಹತ್ತರವರೆಗೂ ಅಲ್ಲೇ ಉಳಿದರೆ ಪಿಯುಸಿ ಸೇರಿಸಿದರೂ ನಾಲ್ಕೇ ವರ್ಷ. ಬೇರೆ ಕಲಂಗಳೂ ಇವೆ, ಪರೀಕ್ಷಾ ಪ್ರಾಧಿಕಾರದ ಕೈಪಿಡಿಯನ್ನು ಹೊರಡುವ ಮೊದಲೇ ಓದಿ.

ಐಬಿ ಕೆಟ್ಟದ್ದೇನೂ ಅಲ್ಲ. 1968ರಲ್ಲಿ ಜಿನೀವಾದಲ್ಲಿ ಶುರುವಾದ ವ್ಯವಸ್ಥೆ ಅದು. ಮಗು ಪ್ರಶ್ನೆ ಕೇಳಿ, ಹುಡುಕಿ, ಬರೆದು ಕಲಿಯುತ್ತದೆ. ಮುಂದೆ ಹೊರದೇಶದಲ್ಲೇ ಡಿಗ್ರಿ ಅಂತ ಗಟ್ಟಿ ಮಾಡಿಕೊಂಡವರಿಗೆ ನಾನೇ ಅದನ್ನು ಹೇಳುತ್ತೇನೆ. ಆದರೆ ಡಾಕ್ಟರ್ ಆಗುವ ಆಸೆ ಇದ್ದರೆ ಎಚ್ಚರ. ಐಬಿಯಲ್ಲಿ 11, 12ನೇ ಕ್ಲಾಸಿಗೆ ಡಿಪ್ಲೊಮಾ ಅನ್ನುತ್ತಾರೆ, ಅದಕ್ಕೆ ಆರು ವಿಷಯ. ಸಾಮಾನ್ಯವಾಗಿ ವಿಜ್ಞಾನದಲ್ಲಿ ಎರಡನ್ನೇ ತಗೊಳ್ಳಲು ಬಿಡುತ್ತಾರೆ. ನೀಟ್‌ಗೆ ಭೌತ, ರಸಾಯನ, ಜೀವ ಮೂರೂ ಬೇಕು. ಮೂರನ್ನೂ ಓದಲು ವಿಶೇಷ ಅನುಮತಿ ಕೇಳಬೇಕಾಗುತ್ತದೆ. ಸಕಲೇಶಪುರದ ನಮ್ಮ ನೆಂಟರ ಹುಡುಗಿ ಭೌತಶಾಸ್ತ್ರ ಬಿಟ್ಟಿದ್ದಳು. ಶಾಲೆಯವರು ಯಾರೂ ಎಚ್ಚರಿಸಲಿಲ್ಲ. ವಿಷಯ ಗೊತ್ತಾಗಿದ್ದು ಡಿಪ್ಲೊಮಾ ಮುಗಿದ ಮೇಲೆ. ಅವತ್ತು ಆ ಮನೆಯಲ್ಲಿ ಅತ್ತಿದ್ದು ನನಗೆ ಇನ್ನೂ ನೆನಪಿದೆ.

ಮಗ ಚಿಕ್ಕವನು. ಯಾವ ಪಠ್ಯಕ್ರಮಕ್ಕೂ ಹೊಂದಿಕೊಳ್ಳುತ್ತಾನೆ. ಆದರೂ ಅಕ್ಕನ ಶಾಲೆಗೇ ಸೇರಿಸಿ. ಬ್ರಿಟಿಷ್ ಶಾಲೆಗಳ ವರ್ಷ ಆಗಸ್ಟ್ ಕೊನೆಗೆ ಶುರುವಾಗುತ್ತದೆ. ಒಂದೇ ಮನೆಯಲ್ಲಿ ಎರಡು ಕ್ಯಾಲೆಂಡರ್, ಎರಡು ಬಸ್ಸು ಅಂದರೆ ಅಮ್ಮನಿಗೆ ಬಿಡುವೇ ಇರುವುದಿಲ್ಲ. ಬ್ರಿಟಿಷ್ ಶಾಲೆಯನ್ನೇ ನೋಡುವುದಾದರೆ ಅವರ ಇಯರ್ 4 ಅಂದರೆ ನಮ್ಮ 3ನೇ ಕ್ಲಾಸು ಅನ್ನುವುದು ನೆನಪಿರಲಿ. ಅದು ಡಬಲ್ ಪ್ರಮೋಷನ್ ಅಲ್ಲ.

ಶಾಲೆಯ ಹೆಸರಿನಲ್ಲಿ 'ಇಂಟರ್‌ನ್ಯಾಷನಲ್' ಅಂತಿದ್ದರೆ ಪಠ್ಯಕ್ರಮವೂ ಹಾಗೇ ಅಂತ ನಂಬಬೇಡಿ. ನಮ್ಮೂರಿನ ಶಾಲೆಗಳ ಹೆಸರಿನ ಫಲಕಗಳನ್ನೇ ನೋಡಿದ್ದೀರಲ್ಲ. ದುಬೈಯ ಖಾಸಗಿ ಶಾಲೆಗಳನ್ನು ನೋಡಿಕೊಳ್ಳುವುದು ಕೆಎಚ್‌ಡಿಎ ಅನ್ನುವ ಸರ್ಕಾರಿ ಸಂಸ್ಥೆ. ಅದರ ತಪಾಸಣೆ ವರದಿಗಳು ಜಾಲತಾಣದಲ್ಲಿ ಸಿಗುತ್ತವೆ. 'ಅತ್ಯುತ್ತಮ'ದಿಂದ 'ತೀರಾ ದುರ್ಬಲ'ದವರೆಗೆ ಆರು ದರ್ಜೆ. ದರ್ಜೆ ನೋಡಿ ನಿಲ್ಲಿಸಬೇಡಿ, ವರದಿಯನ್ನು ಪೂರ್ತಿ ಓದಿ, ಅದು ಯಾವ ವರ್ಷದ್ದು ಅಂತಲೂ ನೋಡಿ. ಫೀಸಿನ ಬಗ್ಗೆ ಒಂದೇ ಮಾತು: ಕಂಪನಿ ಕೊಡುವ ಶಾಲಾ ಭತ್ಯೆಯಲ್ಲಿ ಬಸ್ಸು, ಪುಸ್ತಕ, ಯೂನಿಫಾರ್ಮ್ ಸೇರಿವೆಯೇ, ಇಬ್ಬರು ಮಕ್ಕಳಿಗೂ ಕೊಡುತ್ತಾರೆಯೇ ಅಂತ ಕಾಗದದಲ್ಲಿ ಬರೆಸಿಕೊಳ್ಳಿ. ಬಾಡಿಗೆ ಕಡಿಮೆ ಅಂತ ಶಾರ್ಜಾದಲ್ಲಿ ಮನೆ, ದುಬೈಯಲ್ಲಿ ಶಾಲೆ ಮಾಡಬೇಡಿ. ಆ ರಸ್ತೆಯ ಬೆಳಗಿನ ಟ್ರಾಫಿಕ್ ಮಕ್ಕಳ ನಿದ್ದೆಯನ್ನೇ ತಿನ್ನುತ್ತದೆ. ಮೊದಲು ಶಾಲೆ, ಆಮೇಲೆ ಮನೆ.

ಇಲ್ಲಿ ಶಾಲೆ ಬಿಡುವಾಗ ಟಿಸಿಯನ್ನು ಇಂಗ್ಲಿಷ್‌ನಲ್ಲಿ ಕೇಳಿ, ಬಿಇಒ ಅವರ ಮೇಲುಸಹಿ ಹಾಕಿಸಿ. ಅದರ ಮೇಲೆ ಇನ್ನೂ ಯಾವ ಮುದ್ರೆ ಬೇಕು ಅಂತ ಸೇರುವ ಶಾಲೆಯನ್ನು ಈಗಲೇ ಕೇಳಿ. ದುಬೈಗೆ ಹೋದ ಮೇಲೆ ಒಂದು ಸಹಿಗೆ ಹಾಸನಕ್ಕೆ ಬರಲು ಆಗುವುದಿಲ್ಲ.

ಕೊನೆಗೆ ಭಾಷೆ. ಇದರ ಬಗ್ಗೆ ನನಗೆ ಎಲ್ಲಕ್ಕಿಂತ ಹೆಚ್ಚು ಚಿಂತೆ. ಅಲ್ಲಿನ ಖಾಸಗಿ ಶಾಲೆಗಳಲ್ಲಿ ಅರಬ್ಬಿ ಕಲಿಯಲೇಬೇಕು. ಎರಡನೇ ಭಾಷೆಯಾಗಿ ಹೆಚ್ಚಾಗಿ ಹಿಂದಿ ಇರುತ್ತದೆ. ನಿಮ್ಮ ಮಗಳು ಹಿಂದಿ ಹಿಡಿದಿದ್ದು 6ರಲ್ಲಿ. ಅಲ್ಲಿನ ಮಕ್ಕಳು ಚಿಕ್ಕಂದಿನಿಂದ ಕಲಿತಿರುತ್ತಾರೆ. ಹೊಸದಾಗಿ ಫ್ರೆಂಚ್ ಶುರು ಮಾಡಲು 8ರಲ್ಲಿ ಬಿಡುತ್ತಾರಾ ಕೇಳಿ. ಇದರ ನಡುವೆ ಕನ್ನಡ ಜಾರಿಹೋಗುತ್ತದೆ. ಮಗ 6ಕ್ಕೆ ವಾಪಸ್ ಬಂದಾಗ 2015ರ ಕನ್ನಡ ಕಲಿಕೆ ಕಾಯ್ದೆಯ ಪ್ರಕಾರ ಇಲ್ಲಿನ ಸಿಬಿಎಸ್‌ಇ ಶಾಲೆಯಲ್ಲೂ ಕನ್ನಡ ಓದಬೇಕು. ಒತ್ತಕ್ಷರ ಮರೆತ ಮಗು ತರಗತಿಯಲ್ಲಿ ತಲೆ ತಗ್ಗಿಸಿ ಕೂರುವುದನ್ನು ನೋಡಲಾಗದು. ದುಬೈಯಲ್ಲಿ ಕನ್ನಡಿಗರೇ ಸೇರಿ ಮಕ್ಕಳಿಗೆ ಕನ್ನಡ ಪಾಠಶಾಲೆ ನಡೆಸುತ್ತಿದ್ದಾರೆ. ಮನೆ ಸಿಕ್ಕ ವಾರವೇ ಅವರನ್ನು ಹುಡುಕಿ. 3, 4, 5ನೇ ಕ್ಲಾಸಿನ ಕನ್ನಡ ಪುಸ್ತಕಗಳನ್ನು ಇಲ್ಲಿಂದಲೇ ತಗೊಂಡು ಹೋಗಿ. ವಾರಕ್ಕೊಂದು ಸಲ ಅಜ್ಜಿಗೆ ಅವನ ಕೈಯಲ್ಲೇ ನಾಲ್ಕು ಸಾಲು ಬರೆಸಿ, ಫೋಟೋ ತೆಗೆದು ಕಳಿಸಿ.